ಹಲ್ಲಿನ ಸೂಜಿಗೆ ಹೆದರುವ ಮಗ

ಪ್ರಶ್ನೆ: ಮಗನಿಗೆ 7 ವರ್ಷ. ಹುಳುಕು ಹಲ್ಲು ಕೀಳಿಸಲು ಹೋದಾಗ ಮೂರು ಜನ ಕೈಕಾಲು ಹಿಡಿದು ಸೂಜಿ ಮಾಡಿದರು. ಈಗ ಆಸ್ಪತ್ರೆ ಬಾಗಿಲಲ್ಲೇ ಅಳುತ್ತಾನೆ. ಇನ್ನೊಂದು ದವಡೆ ಹಲ್ಲಿಗೂ ಚಿಕಿತ್ಸೆ ಆಗಬೇಕಿದೆ. ನೋವಾಗದಂತೆ ಸೂಜಿ ಮಾಡಲು ಬರುವುದಿಲ್ಲವೇ?
– ಒಬ್ಬ ತಾಯಿ, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ನಿಮ್ಮ ಮಗ ಅಳುವುದರಲ್ಲಿ ಅವನ ತಪ್ಪೇನಿಲ್ಲ ತಾಯಿ. ನೋವು ಪೂರಾ ಇಲ್ಲದಂತೆ ಮಾಡುತ್ತೇವೆಂದು ಮಾತು ಕೊಡಲಾರೆ. ಚಿವುಟಿದಷ್ಟಕ್ಕೆ ಇಳಿಸುವುದು ಮಾತ್ರ ಖಂಡಿತ ಸಾಧ್ಯ.

ಸೂಜಿ ಚುಚ್ಚುವುದಕ್ಕಿಂತ ಅದರಲ್ಲಿರುವ ಜೋಮು ಹಿಡಿಸುವ ಔಷಧಿಯನ್ನು ಅವಸರದಲ್ಲಿ ಒತ್ತುವುದೇ ಜಾಸ್ತಿ ನೋಯುತ್ತದೆ. 1 ಎಂ.ಎಲ್. ಔಷಧಿ ಬಿಡಲು ಸುಮಾರು 1 ನಿಮಿಷ ಬೇಕು. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರೂ ಆ ನಿಮಿಷ ಮಗುವಿಗೆ ಸೇರಿದ್ದು.

ಅದಕ್ಕೂ ಮೊದಲು ಒಸಡಿಗೆ ಜೋಮು ಹಿಡಿಸುವ ಜೆಲ್ ಹಚ್ಚಬೇಕು. ಹತ್ತಿಯಿಂದ ಜೊಲ್ಲು ಒರೆಸಿ, ಹಚ್ಚಿ, 1-2 ನಿಮಿಷ ಸುಮ್ನೆ ಕಾಯಬೇಕು. ಒರೆಸದಿದ್ದರೆ ಜೆಲ್ ಜಾರಿ ನಾಲಿಗೆಗೆ ಜೋಮು ಬರುತ್ತದೆ, ಒಸಡು ಹಾಗೇ ಉಳಿಯುತ್ತದೆ. (ಮನೆಯಲ್ಲಿ ಎಳೆಮಗು ಇದ್ದರೆ ಒಂದು ಮಾತು: 2 ವರ್ಷದೊಳಗಿನವರಿಗೆ ಬೆಂಜೊಕೇನ್ ಎಂಬ ಜೋಮಿನ ಔಷಧಿ ಇರುವ ಜೆಲ್ ಹಚ್ಚಲೇಬೇಡಿ, ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗುವ ಅಪಾಯವಿದೆ.)

ನಮ್ಮ ಕಡೆ ಬಿಸಿಲಿಗೆ ಔಷಧಿಯನ್ನು ಫ್ರಿಜ್‌ನಲ್ಲಿ ಇಟ್ಟಿರುತ್ತಾರೆ. ತಣ್ಣಗಿನದು ಚುರುಗುಟ್ಟುತ್ತದೆ. ನಾನು ಮೊದಲೇ ಹೊರಗೆ ತೆಗೆದಿಟ್ಟು, ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತೇನೆ. ಚುಚ್ಚುವ ಗಳಿಗೆಯಲ್ಲಿ ಕೆನ್ನೆಯನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸುತ್ತೇನೆ. ಕಾಲು ಎಡವಿದಾಗ ತಿಕ್ಕಿಕೊಂಡರೆ ಹಾಯೆನಿಸುತ್ತದೆ ಅಲ್ವಾ, ಇದೂ ಹಾಗೇ.

ಇದನ್ನೆಲ್ಲ ನಿಮ್ಮ ಡಾಕ್ಟರ್ ಹತ್ತಿರ ಕೇಳಿ, ಸಂಕೋಚ ಬೇಡ. ಕಲಬುರಗಿಯ ದಂತ ಕಾಲೇಜುಗಳಲ್ಲಿ ಮಕ್ಕಳ ಹಲ್ಲಿಗೇ ಬೇರೆ ವಿಭಾಗವಿದೆ. ಮೊದಲ ದಿನ ಸೂಜಿ ಬೇಡವೆನ್ನಿ. ಕುರ್ಚಿ ಹತ್ತಿ ಇಳಿದು, ಕನ್ನಡಿ ಮುಟ್ಟಿ ಬರಲಿ. ‘ನೋವಾದರೆ ಎಡಗೈ ಎತ್ತು, ನಿಲ್ಲಿಸ್ತೀನಿ’ ಎಂದು ಡಾಕ್ಟರ್ ಹೇಳಲಿ, ಎತ್ತಿದಾಗ ನಿಜವಾಗಿ ನಿಲ್ಲಿಸಲಿ. ಆದರೆ ಬಾವು ಬರುವವರೆಗೆ ಮುಂದೂಡಬೇಡಿ. ಕೀವು ತುಂಬಿದ ಕಡೆ ಈ ಔಷಧಿ ಸರಿಯಾಗಿ ಹಿಡಿಯುವುದಿಲ್ಲ.

ಮನೆಯಲ್ಲಿ ‘ಊಟ ಮಾಡದಿದ್ರ ಸೂಜಿ ಮಾಡಸ್ತೀನಿ ನೋಡು’ ಎನ್ನುವುದನ್ನು ಇವತ್ತೇ ಬಿಡಿ. ‘ಏನೂ ಆಗಂಗಿಲ್ಲ’ ಎಂಬ ಸುಳ್ಳೂ ಬೇಡ. ‘ಇರುವೆ ಕಚ್ಚಿದಂಗ ಆಗ್ತದ, ಆಮ್ಯಾಲ ಹಲ್ಲು ಮಲಗ್ತದ’ ಅನ್ನಿ. ಚಿಕಿತ್ಸೆ ಮುಗಿದ ಮೇಲೆ 2-3 ತಾಸು ತುಟಿ ಜೋಮು ಇರುತ್ತದೆ. ಗೊತ್ತಾಗದೆ ತುಟಿ ಕಚ್ಚಿ ಗಾಯ ಮಾಡಿಕೊಳ್ಳುವ ಮಕ್ಕಳು ಬಹಳ. ಅಷ್ಟು ಹೊತ್ತು ರೊಟ್ಟಿ ಕೊಡದೆ, ಪಕ್ಕದಲ್ಲೇ ಕೂತು ನೋಡಿಕೊಳ್ಳಿ.