ಟ್ರೇಲರ್ ಬಿಡುವ ಮುನ್ನ

ಪ್ರಶ್ನೆ: ಕೆನಡಾದ ಒಂಟಾರಿಯೊದ ಕ್ಯಾಂಪ್‌ಗ್ರೌಂಡಿನಲ್ಲಿ ಬೇಸಿಗೆಯಿಡೀ, ಕಾರಿಗೆ ಕಟ್ಟಿ ಎಳೆಯುವ ಚಕ್ರದ ಮನೆಯಾದ ನಮ್ಮ ಟ್ರೇಲರ್‌ನಲ್ಲೇ ಇರುತ್ತೇವೆ. ನಮ್ಮ ಯಜಮಾನರಿಗೆ 76, ಚಾವಣಿ ಕೆಲಸಕ್ಕೆ ಏಣಿ ಹತ್ತಲಾಗುತ್ತಿಲ್ಲ. ಈಗಲೇ ಮಾರಿಬಿಡೋಣವೇ?

ಉತ್ತರ: ಮೊದಲು ಸೈಟಿನ ಕರಾರು ಓದಿ. ಜಾಗ ನಿಮ್ಮದಲ್ಲ. ಕೊಂಡವರು ಅಲ್ಲೇ ಉಳಿಯಬಹುದೋ, ಗಾಡಿ ಎಳೆದೊಯ್ಯಬೇಕೋ ಎಂಬುದರ ಮೇಲೆ ಬೆಲೆ ನಿಂತಿದೆ. ಗಿರಾಕಿ ಸಿಗುವುದು ವಸಂತದಲ್ಲಿ, ಹಾಗಾಗಿ ಇನ್ನೊಂದು ಚಳಿಗಾಲ ದಾಟಿಸಲೇಬೇಕು. ಪೈಪಿನ ನೀರು ಹೆಪ್ಪುಗಟ್ಟಿ ಒಡೆಯದಂತೆ, ವಾಟರ್ ಹೀಟರ್ ಆಫ್ ಮಾಡಿ, ತಣ್ಣಗಾದ ಮೇಲೆ ಖಾಲಿ ಮಾಡಿ, ಹೀಟರಿಗೆ ಏನೂ ಹರಿಯದಂತೆ ಬೈಪಾಸ್ ವಾಲ್ವ್ ತಿರುಗಿಸಿ. ಆಮೇಲೆ ಟ್ರೇಲರ್‌ಗಳಿಗೆಂದೇ ಸಿಗುವ ಗುಲಾಬಿ ಆಂಟಿಫ್ರೀಜ್ (ಚಳಿಗೆ ಹೆಪ್ಪುಗಟ್ಟದ ದ್ರವ), ಸುಮಾರು 8–12 ಲೀಟರ್, ಪ್ರತಿ ನಲ್ಲಿಯಲ್ಲೂ ಬಣ್ಣ ಕಾಣುವವರೆಗೆ ಹರಿಸಿ. ಹೊರಗಿನ ಶವರ್ ಮರೆಯುವವರೇ ಹೆಚ್ಚು; ಪೈಪ್ ಒಡೆಯುವುದೂ ಅಲ್ಲೇ. ಕಾರಿನ ಆಂಟಿಫ್ರೀಜ್ ವಿಷ, ಖಂಡಿತ ಬೇಡ. ಚಾವಣಿ ಕೆಲಸ ಕೂಲಿ ಕೊಟ್ಟು ಮಾಡಿಸಿ. ಮೂಲೆಯ ನೆಲ ಕಾಲಿಗೆ ಮೆತ್ತಗೆ ಸಿಕ್ಕರೆ ನೀರು ಇಳಿದಿದೆ ಎಂದರ್ಥ. ಮುಚ್ಚಿಡದೆ ಬೆಲೆ ಇಳಿಸಿ.