ತೀರಿಕೊಂಡ ಶಾಲಾ ಗೆಳತಿಯ ನೆನಪಿಗೆ ಶಾಲೆಯಲ್ಲಿ ದತ್ತಿ ಬಹುಮಾನ ಇಡೋದು ಒಳ್ಳೇದಾ, ಬೆಂಚು ಕೊಡಿಸೋದು ಒಳ್ಳೇದಾ?

ನಿಮ್ಮ ಉದ್ದ ಪ್ರಶ್ನೆಯ ಸಾರ ಇಷ್ಟೇ ತಾನೆ? ಎರಡೂ ಬೇಡ. ದುಡ್ಡು ಕೂಡಿಸೋದನ್ನ ಸದ್ಯಕ್ಕೆ ನಿಲ್ಲಿಸಿ. ನಿಮ್ಮ ಚಿಕ್ಕಮಗಳೂರಿನ ಬ್ಯಾಚಿನ ಗ್ರೂಪಿನಲ್ಲಿ ಈಗ ಏನು ನಡೀತಿದೆ ಅಂತ ನೀವು ಬರೆಯದಿದ್ದರೂ ಊಹಿಸಬಲ್ಲೆ. ಒಬ್ಬ ಐದು ಸಾವಿರ ಅಂದಿರ್ತಾನೆ, ದುಬೈನಲ್ಲಿರೋನು ಹತ್ತು ಅಂದಿರ್ತಾನೆ, ಇನ್ಯಾರೋ ಎಕ್ಸೆಲ್ ಶೀಟು ಹಾಕಿರ್ತಾರೆ. ನಮ್ಮಲ್ಲಿ ಆ ಶೀಟು ಮಾಡಿದವನು ನಾನೇ.

ನಮ್ಮದು ಸಕಲೇಶಪುರಕ್ಕೂ ಮೂಡಿಗೆರೆಗೂ ನಡುವಿನ ಒಂದು ಸರ್ಕಾರಿ ಹೈಸ್ಕೂಲು, 2000ದ ಎಸ್ಸೆಸ್ಸೆಲ್ಸಿ. ತೀರಿಕೊಂಡ ನಮ್ಮ ಗೆಳೆಯನ ಹೆಸರು ಹಾಕೋದಿಲ್ಲ, ಅವನ ತಮ್ಮ ಇದನ್ನು ಓದಿದರೂ ಓದಿಯಾನು. ಕಾಫಿ ತೋಟದ ಕೂಲಿಯವರ ಲೈನ್ ಮನೆಯ ಹುಡುಗ. ಲೆಕ್ಕದಲ್ಲಿ 35 ದಾಟಲಿಲ್ಲ. ಮತ್ತೆ ಕಟ್ಟಿದ, ಆಗಲೂ ದಾಟಲಿಲ್ಲ. ಆಮೇಲೆ ಏಣಿ ಹತ್ತಿದ. ಸಿಲ್ವರ್ ಓಕಿಗೆ ಹಬ್ಬಿದ ಮೆಣಸು ಕುಯ್ಯೋದು, ಮಳೆಗೆ ಮುಂಚೆ ಮರಗಸಿ ಮಾಡೋದು (ನೆರಳಿನ ಮರದ ಕೊಂಬೆ ಸವರೋದು), ಇದೇ ಅವನ ಕಸುಬಾಯ್ತು.

ಅವನು ಅಂದರೆ ನನಗೆ ಮೊದಲು ಕಣ್ಣಿಗೆ ಬರೋದು ರೈಲು ಸುರಂಗ. ಮೀಟರ್ ಗೇಜ್ ತೆಗೆದು ಬ್ರಾಡ್ ಗೇಜ್ ಮಾಡ್ತೀವಿ ಅಂತ 1996ರಲ್ಲಿ ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯ ರೈಲು ನಿಲ್ಲಿಸಿದರಲ್ಲ, ಪ್ರಯಾಣಿಕರ ಗಾಡಿ ಮತ್ತೆ ಓಡಿದ್ದು 2007ರ ಕೊನೆಗೆ. ನಮ್ಮ ಹೈಸ್ಕೂಲು ಪೂರ್ತಿ ಆ ಮಧ್ಯದಲ್ಲೇ ಮುಗೀತು. ಭಾನುವಾರ ದೋಣಿಗಾಲ್‌ ಸ್ಟೇಷನ್ನಿಂದ ಎಡಕುಮರಿ ಸ್ಟೇಷನ್ ಕಡೆ ಹಳಿ ಹಿಡಿದು ನಡೆದುಬಿಡ್ತಿದ್ವಿ. ಆ ಘಾಟಿಯಲ್ಲಿ ಒಟ್ಟು 57 ಸುರಂಗ. ಒಳಗೆ ಬಾವಲಿ ವಾಸನೆ, ಮೇಲಿಂದ ತೊಟ್ಟಿಕ್ಕೋ ನೀರು, ಮುಂದಿನವನ ಬೆನ್ನೂ ಕಾಣದಷ್ಟು ಕತ್ತಲೆ. ಟಾರ್ಚು ಅವನ ಕೈಲೇ ಇರ್ತಿತ್ತು, ಆದರೆ ಸೆಲ್ಲು ಖರ್ಚಾಗುತ್ತೆ ಅಂತ ಹಾಕ್ತಿರಲಿಲ್ಲ. ಬಲಗೈ ಗೋಡೆ ಮೇಲೆ ಆಡಿಸ್ಕೊಂಡು ಮುಂದೆ ಹೋಗೋನು, ‘ಈಗ ಗೂಡು ಬತ್ತದೆ ನೋಡ್ರೋ’ ಅನ್ನೋನು, ಬರ್ತಿತ್ತು. ರೈಲು ಬಂದಾಗ ಗ್ಯಾಂಗ್‌ಮನ್‌ಗಳು ಒತ್ತಿ ನಿಲ್ಲೋಕೆ ಅಂತ ಸುರಂಗದ ಗೋಡೆಯಲ್ಲಿ ಬಿಟ್ಟಿರ್ತಾರಲ್ಲ, ಆ ಗೂಡು. ಎಷ್ಟು ಹೆಜ್ಜೆಗೊಂದು ಅಂತ ಎಣಿಸಿ ತಲೇಲಿ ಇಟ್ಕೊಂಡಿದ್ದ, ಲೆಕ್ಕದಲ್ಲಿ ಫೇಲಾದವನು. (ಈಗ ಹಳಿ ಮೇಲೆ ನಡೆಯೋದು ಅಪರಾಧ, ಗಾಡಿಗಳೂ ಓಡ್ತಾವೆ. ಯಾರೂ ಹೋಗಬೇಡಿ.)

2013ರ ಫೆಬ್ರವರಿ, ಮೆಣಸು ಕುಯ್ಲು. ಅಲ್ಯೂಮಿನಿಯಂ ಏಣಿ ತೋಟದೊಳಗೆ ಹಾದುಹೋದ ಕರೆಂಟು ಲೈನಿಗೆ ತಗುಲಿತು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಪ್ರತಿ ಕುಯ್ಲಿನಲ್ಲೂ ಇಂಥ ಸುದ್ದಿ ಪೇಪರಿನ ಮೂಲೆಯಲ್ಲಿ ಇದ್ದೇ ಇರುತ್ತೆ. ಒಂದು ಮರದಿಂದ ಪಕ್ಕದ ಮರಕ್ಕೆ ಹೋಗುವಾಗ ಏಣಿಯನ್ನ ಮಲಗಿಸಿ, ಹೊತ್ತು, ಮತ್ತೆ ಎತ್ತಿ ನಿಲ್ಲಿಸೋಕೆ ಹೊತ್ತಾಗುತ್ತೆ, ಸಂಬಳ ಕೆ.ಜಿ. ಲೆಕ್ಕದಲ್ಲಿ. ಹಾಗಾಗಿ ನಿಂತ ಏಣಿಯನ್ನ ನಿಂತ ಹಾಗೇ ಎತ್ಕೊಂಡು ಹೋಗ್ತಾರೆ. ಕಣ್ಣು ಕಾಲ ಕೆಳಗಿನ ಗಿಡದ ಮೇಲಿರುತ್ತೆ, ತುದಿ ಎಲ್ಲಿದೆ ಅಂತ ಗೊತ್ತಾಗಲ್ಲ. 11 ಕೆವಿ ಲೈನಾದರೆ ತಗುಲಲೂ ಬೇಕಿಲ್ಲ, ತೀರಾ ಹತ್ತಿರ ಹೋದರೆ ಸಾಕು.

ತಿಥಿಗೆ ನಾನು ಹೋಗಲಿಲ್ಲ. ಬೆಂಗಳೂರು, ಆಫೀಸು, ರಜೆ ಇಲ್ಲ, ಅದನ್ನು ಇಲ್ಲಿ ಬೆಳೆಸೋದಿಲ್ಲ. ಹೋಗಲಿಲ್ಲ ಅನ್ನೋ ಚುಚ್ಚು ಇತ್ತಲ್ಲ, ಅದಕ್ಕೇ ಶೀಟು. ಐವತ್ತು ಸಾವಿರ ಸೇರಿತು. ಶಾಲೆಯ ಹೆಸರಲ್ಲಿ ಠೇವಣಿ ಇಟ್ಟು, ಬಡ್ಡಿಯಲ್ಲಿ ಪ್ರತಿವರ್ಷ ಅವನ ಹೆಸರಿನ ಬಹುಮಾನ ಅಂತ ತೀರ್ಮಾನ ಆಯ್ತು.

ಎಡವಟ್ಟಾಗಿದ್ದು ಯಾರಿಗೆ ಬಹುಮಾನ ಅನ್ನೋ ಸಾಲಿನಲ್ಲಿ. ಆ ಸಾಲು ಬರೆದವನು ನಾನು: ‘ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಅತಿ ಹೆಚ್ಚು ಅಂಕ ಪಡೆದವರಿಗೆ’. ಅವನು ಗಣಿತದಲ್ಲಿ ಫೇಲಾಗಿದ್ದನ್ನ ನಾನು ಮರೆತಿದ್ದೆ ಅಂದ್ಕೋಬೇಡಿ, ಗೊತ್ತಿದ್ದೇ ಬರೆದೆ. ನನ್ನ ವಾದ ಏನಿತ್ತು ಅಂದರೆ, ಒಳ್ಳೆ ಆಟಗಾರ, ಒಳ್ಳೆ ನಡತೆ ಅಂತೆಲ್ಲ ಇಟ್ಟರೆ ಮೇಷ್ಟ್ರುಗಳ ನಡುವೆ ಪ್ರತಿವರ್ಷ ತಕರಾರು. ಒಟ್ಟು 625ಕ್ಕೆ ಎಷ್ಟು ಅಂತ ನೋಡೋ ಬಹುಮಾನ ಶಾಲೆಯಲ್ಲಿ ಆಗಲೇ ಇತ್ತು. ಕನ್ನಡಕ್ಕೂ ಯಾರೋ ಇಟ್ಟಿದ್ದರು. ಖಾಲಿ ಉಳಿದಿದ್ದು ಗಣಿತ. ಅಂಕಪಟ್ಟಿ ನೋಡಿದರೆ ಆಯ್ತು, ಯಾರೂ ಜಗಳ ಆಡೋಹಾಗಿಲ್ಲ. ವಾದದಲ್ಲಿ ತೂತಿಲ್ಲ, ಇವತ್ತಿಗೂ ಇಲ್ಲ. ಅದಕ್ಕೇ ಯಾರೂ ತಡೆಯಲಿಲ್ಲ. ತಡೆಯೋಕೆ ಅಲ್ಲಿ ಇದ್ದವರಾದರೂ ಯಾರು? ದುಡ್ಡು ಹಾಕಿದವರೆಲ್ಲ ಪಾಸಾಗಿ ಊರು ಬಿಟ್ಟವರು. ಅವನ ಜೊತೆ ಫೇಲಾಗಿ ಊರಲ್ಲೇ ಉಳಿದವರ ಒಂದು ನಂಬರೂ ನಮ್ಮ ಹತ್ತಿರ ಇರಲಿಲ್ಲ. ಇದ್ದಿದ್ದರೆ, ಅವರಲ್ಲಿ ಒಬ್ಬನಾದರೂ ‘ಏನ್ರಯ್ಯ, ತಲೆ ಕೆಟ್ಟಿದ್ಯಾ’ ಅಂತ ಕೇಳಿರೋನು. ಅವನ ಮನೆಯವರನ್ನ ಕೇಳೋದು ಅಂತೂ ಶೀಟಿನಲ್ಲಿ ಕಾಲಮ್ಮೇ ಇರಲಿಲ್ಲ.

ವಾರ್ಷಿಕೋತ್ಸವಕ್ಕೆ ಅವನ ತಾಯಿಯನ್ನ ಕರೆಸಿ, ವೇದಿಕೆ ಮೇಲೆ ಕೂರಿಸಿ, ಶಾಲು ಹೊದಿಸಿ, ಅವರ ಕೈಯಿಂದಲೇ ಬಹುಮಾನ ಕೊಡಿಸಿದ್ವಿ. ಮೈಕಿನಲ್ಲಿ ಗಣಿತ, ಗಣಿತ ಅಂತ ಎರಡೆರಡು ಸಲ ಓದಿದರು. ಆಯಮ್ಮ ಕವರು ಕೊಟ್ಟರು, ಫೋಟೋಗೆ ನಿಂತರು. ಕೆಳಗಿಳಿದ ಮೇಲೆ, ಬಿಸಿಯೂಟದ ಕೋಣೆ ಪಕ್ಕ, ಶಾಲು ಮಡಚಿ ನನ್ನ ಕೈಗಿಟ್ಟು, ‘ಲೆಕ್ಕ ಬರ್ಲಿಲ್ಲ ಅಂತಲ್ವೇನಪ್ಪಾ ನನ್ ಮಗ ಏಣಿ ಹತ್ತಿದ್ದು?’ ಅಂದರು. ಬೈಗುಳದ ಧ್ವನಿಯಲ್ಲಿ ಅಲ್ಲ, ನಿಜವಾಗಲೂ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ವರ್ಷ ಕರೆದರೆ ಬರಲಿಲ್ಲ. ಅವನ ತಮ್ಮ ನನ್ನ ಫೋನು ಎತ್ತೋದು ಬಿಟ್ಟ.

ಬಹುಮಾನದ ಗತಿ ಏನಾಯ್ತು ಅಂದರೆ, ಇಟ್ಟಾಗ ಠೇವಣಿಗೆ ಶೇ. 9ರ ಹತ್ತಿರ ಬಡ್ಡಿ, 2020ರ ಹೊತ್ತಿಗೆ ಶೇ. 5ರ ಆಸುಪಾಸು. ನಾಲ್ಕೂವರೆ ಸಾವಿರದ ಬಹುಮಾನ ಎರಡೂವರೆಗೆ ಇಳಿಯಿತು. ಶಾಲೆಯ ಹೆಸರಲ್ಲಿಟ್ಟ ದುಡ್ಡನ್ನ ನಿಯಮ ಬದಲಾಯಿಸಿ ಅಂತ ಕೇಳೋಕೆ ಹೋದರೆ, ಅಲ್ಲಿ ಮುಖ್ಯೋಪಾಧ್ಯಾಯರೇ ಬದಲಾಗಿದ್ದರು. ಇದನ್ನ ಯಾಕೆ ಹೇಳ್ತಿದೀನಿ ಅಂದರೆ, ದತ್ತಿ ಅಂದರೆ ಶಾಶ್ವತ ಅಂತ ಜನ ತಿಳ್ಕೊಂಡಿದಾರೆ. ಬೆಂಚೇ ವಾಸಿ, ಮುರಿಯೋವರೆಗಾದರೂ ಮಕ್ಕಳು ಕೂರ್ತಾರೆ.

ಒಂದು ಪಿತೃಪಕ್ಷದಲ್ಲಿ ಕೊನೆಗೂ ಅವನ ಮನೆಗೆ ಹೋದೆ. ಎಡೆ ಇಟ್ಟಿದ್ದರು: ಕಡುಬು, ಹಂದಿ ಸಾರು, ಒಂದು ಕಟ್ಟು ಬೀಡಿ. ಹಿಂದೆ ಅವನ ಫೋಟೋ. ಆಧಾರ್ ಕಾರ್ಡಿನ ಚಿತ್ರವನ್ನೇ ದೊಡ್ಡದು ಮಾಡಿಸಿದ್ದರು. ಸ್ಟುಡಿಯೋದವರು ಕುತ್ತಿಗೆಯಿಂದ ಕೆಳಗೆ ನೀಲಿ ಕೋಟು, ಕೆಂಪು ಟೈ ಅಂಟಿಸಿ, ಹಿಂದೆ ಒಂದು ಜಲಪಾತ ಬೇರೆ ಹಾಕಿದ್ದರು. ಕೋಟಿನ ಭುಜ ಅವನ ತಲೆಗೆ ಹೊಂದದಷ್ಟು ಅಗಲ. ಮನೆಯಲ್ಲಿ ಬೇರೆ ಫೋಟೋನೇ ಇರಲಿಲ್ಲವಂತೆ. ಸುರಂಗದ ಬಾಯಲ್ಲಿ ಹಲ್ಲು ಕಿರಿದುಕೊಂಡು, ಪ್ಯಾಂಟು ಮೊಣಕಾಲಿಗೆ ಮಡಚಿ ನಿಂತ ಅವನ ಫೋಟೋ ಅಷ್ಟೂ ವರ್ಷ ನನ್ನ ಬೀರುವಿನಲ್ಲಿತ್ತು. ಐವತ್ತು ಸಾವಿರ ಕೂಡಿಸಿದವನಿಗೆ ಒಂದು ಪ್ರಿಂಟು ಹಾಕಿಸಿ ಕೊಡೋದು ಹೊಳೆದಿರಲಿಲ್ಲ ನೋಡಿ.

ತಮ್ಮ ಆವತ್ತು ಮಾತಾಡಿದ. ಅವನೂ ಮೆಣಸು ಕುಯ್ಯೋನೇ, ಅವನದೂ ಅಲ್ಯೂಮಿನಿಯಂ ಏಣಿಯೇ. ಬಿದಿರಿಂದು ತಗೋಬಾರದಾ ಅಂದರೆ, ಬೆಳಗಿನ ಮಂಜಿಗೆ ನೆನೆದರೆ ಬಿದಿರೂ ಕರೆಂಟು ಹೊಡೆಯುತ್ತೆ ಅಂದ. ಇನ್ನೊಂದು ಸಲ ಎಲ್ಲರ ಹತ್ತಿರ ಕೈಚಾಚೋ ಮುಖ ನನಗಿರಲಿಲ್ಲ. ಮೂರ್ನಾಲ್ಕು ಜನ ಸೇರಿ ಫೈಬರ್ ಏಣಿ ಕೊಡಿಸಿದ್ವಿ. ಅಲ್ಯೂಮಿನಿಯಂಗಿಂತ ಭಾರ, ಹೆಗಲು ಬಿದ್ದುಹೋಗುತ್ತೆ ಅಂತ ಬೈತಾನೆ. ಬೈಕೊಂಡೇ ಹೊರ್ತಾನೆ.

ಈಗ ನಿಮ್ಮ ವಿಷಯ. ಪ್ರಶ್ನೆಯ ಕಟ್ಟಕಡೆಗೆ, ಆವರಣದಲ್ಲಿ, ಅವಳಿಗೆ ಐದು ವರ್ಷದ ಮಗಳಿದ್ದಾಳೆ ಅಂತ ಬರೆದಿದೀರಿ. ಬಹುಮಾನವೋ ಬೆಂಚೋ ಅಂತ ಹತ್ತು ಸಾಲು, ಆ ಮಗುವಿಗೆ ಅರ್ಧ ಸಾಲು! ಮೊದಲು ಎಲ್ಲರೂ ಬೀರು, ಹಳೇ ಆಲ್ಬಂ, ಆಟೋಗ್ರಾಫ್ ಪುಸ್ತಕ ಹುಡುಕಿ. ಟೂರಿನ ಫೋಟೋ, ಅವಳ ಕೈಬರಹ, ಏನು ಸಿಕ್ಕರೂ ಪ್ರಿಂಟು ಹಾಕಿಸಿ. ಹಿಂದೆ ಎಲ್ಲಿ, ಯಾವಾಗ, ಪಕ್ಕದಲ್ಲಿ ಯಾರು ಅಂತ ಬರೆದು ತಗೊಂಡು ಹೋಗಿ. ಹಿಂಡು ಕಟ್ಕೊಂಡು ಹೋಗಬೇಡಿ, ಇಬ್ಬರೋ ಮೂವರೋ ಸಾಕು. ಅವಳ ಜೊತೆ ಓದಿ ಗ್ರೂಪಿನಲ್ಲಿ ಇಲ್ಲದವಳು ಯಾರಾದರೂ ಊರಲ್ಲೇ ಇದ್ದರೆ ಅವಳನ್ನ ಕರ್ಕೊಂಡು ಹೋಗಿ. ದುಡ್ಡಿನ ಮಾತು ಆ ಸಲ ಎತ್ತಲೇಬೇಡಿ.

ಆಮೇಲೂ ದುಡ್ಡು ಕೊಡಬೇಕು ಅನ್ನಿಸಿದರೆ, ಮಗುವಿನ ಅಪ್ಪನನ್ನ ಕೇಳಿ, ಅವರು ಹೂಂ ಅಂದರೆ ಪೋಸ್ಟಾಫೀಸಿನ ಸುಕನ್ಯಾ ಸಮೃದ್ಧಿ ಉಳಿತಾಯ ಖಾತೆ ಇದೆ. ಹೆಣ್ಣುಮಗುವಿಗೆ ಹತ್ತು ತುಂಬೋದರೊಳಗೆ ತೆರೆಯಬೇಕು, ತಂದೆ-ತಾಯಿ ಅಥವಾ ಕಾನೂನುಬದ್ಧ ಪಾಲಕರೇ ತೆರೆಯಬೇಕು. ವರ್ಷಕ್ಕೆ 250 ರೂಪಾಯಿಯಿಂದ ಒಂದೂವರೆ ಲಕ್ಷದವರೆಗೆ, 15 ವರ್ಷ ಕಟ್ಟಬಹುದು. ಮಗುವಿಗೆ 18 ಆದಮೇಲೆ ಓದಿಗೆ ಅರ್ಧದವರೆಗೆ ತೆಗೆಯೋಕೆ ಬರುತ್ತೆ. ನಿಮ್ಮ ಗ್ರೂಪು ಅಷ್ಟು ವರ್ಷ ಕಟ್ಟುತ್ತೆ ಅಂತ ನಾನಂತೂ ನಂಬಲ್ಲ, ಮೂರನೇ ವರ್ಷಕ್ಕೇ ಅರ್ಧ ಜನ ಜಾರ್ಕೋತಾರೆ. ಹಾಗಾಗಿ ಈಗ ಸೇರಿದ್ದನ್ನ ಈ ವರ್ಷವೇ ಕಟ್ಟಿಬಿಡಿ, ರಸೀದಿ ಅವಳ ಅಪ್ಪನ ಕೈಗೆ ಕೊಡಿ.