ಹಳೆಯ ಗೋಡೆಗೆ ಸಿಮೆಂಟ್ ಬೇಡ, ಅಜ್ಜಿಯ ಮಾತು ಕೇಳಿ

ಕರಾವಳಿ ಮತ್ತು ಶಿರಸಿ ಕಡೆಯ ಹಳೆಯ ಮನೆಗಳ ದುರಸ್ತಿ ಮಾಡಿಸುವ ವಾಸ್ತುಶಿಲ್ಪಿಯೊಬ್ಬರು ಓದುಗರಿಗೆ ಕೊಟ್ಟ ಉತ್ತರ

ಪ್ರಶ್ನೆ: ಕುಮಟಾ ಪೇಟೆಯಲ್ಲಿ ನಮ್ಮದು ಅಜ್ಜನ ಕಾಲದ ಚಿರೆಕಲ್ಲಿನ ಮನೆ, ಮುಂದೆ ಅಂಗಡಿ. ಏಳು ವರ್ಷದ ಹಿಂದೆ ಹಳೆಯ ಗಾರೆ ಕೆತ್ತಿಸಿ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆವು. ಈಗ ಸೊಂಟದೆತ್ತರಕ್ಕೆ ಪಸೆ ಏರಿದೆ, ಬಣ್ಣ ಹೊಪ್ಪಳಿಕೆ ಏಳುತ್ತಿದೆ. ವಾಟರ್‌ಪ್ರೂಫಿಂಗ್‌ನವರು ಹತ್ತು ವರ್ಷ ಗ್ಯಾರಂಟಿ ಕೊಡುತ್ತಾರಂತೆ. ಮೇಸ್ತ್ರಿ ಕೆಡವಿ ಆರ್‌ಸಿಸಿ ಕಟ್ಟಿ ಎನ್ನುತ್ತಾರೆ. ಯಾವುದು ಸರಿ?

ಎರಡೂ ಅಲ್ಲ. ಮಳೆಗಾಲ ಮುಗಿಯುತ್ತಲೇ ಕಾರವಾರದಿಂದ ಭಟ್ಕಳದವರೆಗೆ ಇದೇ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ಪ್ಲಾಸ್ಟರ್ ಮಾಡಿಸಿಯಾದ ಮೇಲೆ. ನನಗೆ ಸಿಟ್ಟು ಬರುವುದು ಅದಕ್ಕೇ.

ಚಿರೆಕಲ್ಲು ನೆಲದ ನೀರನ್ನು ಹೀರುತ್ತದೆ. ಸುಣ್ಣದ ಗಾರೆಯೋ ಮಣ್ಣಿನ ಸಾರಣೆಯೋ ಇದ್ದಾಗ ಆ ಪಸೆ ಗೋಡೆಯ ಮೈಯಿಂದಲೇ ಆರಿಹೋಗುತ್ತಿತ್ತು. ಸಿಮೆಂಟ್ ಆ ದಾರಿ ಮುಚ್ಚಿತು. ಒಳಗೆ ಸಿಕ್ಕಿಕೊಂಡ ನೀರು ಇನ್ನೂ ಮೇಲೇರುತ್ತದೆ; ಅದರಲ್ಲಿನ ಉಪ್ಪು ಪ್ಲಾಸ್ಟರಿನ ಹಿಂದೆ ಹರಳುಗಟ್ಟಿ ಕಲ್ಲನ್ನೇ ಪುಡಿ ಮಾಡುತ್ತದೆ. ಪಸೆ ತೊಲೆಯ ತುದಿ ಮುಟ್ಟಿತೆಂದರೆ ಮರ ಲಡ್ಡಾಗಲು ಶುರು. ಇದರ ಮೇಲೆ ರಾಸಾಯನಿಕ ಬಳಿದರೆ ಅದು ಎರಡನೆಯ ಮುಚ್ಚಳ. ಗೋಡೆ ನೋಡದೆ ಫೋನಿನಲ್ಲೇ ಗ್ಯಾರಂಟಿ ಕೊಡುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿ ನೆಲ ಎತ್ತರಿಸಿದ್ದೀರಾ? ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಜಗಲಿಯ ಮಟ್ಟಕ್ಕೆ ಬಂದಿದೆಯೇ? ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ? ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ ಸುರಿಯುವ ಸೀಮೆ ಇದು. ಸೂರಿನ ನೀರು ಗೋಡೆಯ ಬುಡದಲ್ಲೇ ನಿಂತರೆ ಯಾವ ಗಾರೆಯೂ ಉಳಿಯದು.

ಇದನ್ನು ತಿಳಿಯಲು ನಾನು ಯಾವ ಮನೆಗೆ ಹೋದರೂ ನೇರ ಅಡುಗೆಮನೆಗೆ ಹೋಗಿ ಹಿರಿಯ ಹೆಂಗಸರ ಹತ್ತಿರ ಕೂರುತ್ತೇನೆ. ಆಷಾಢದಲ್ಲಿ ಯಾವ ಮೂಲೆ ಬೆವರುತ್ತದೆ, ಒಲೆ ಹೋಗಿ ಗ್ಯಾಸ್ ಬಂದು ಹೊಗೆ ನಿಂತ ಮೇಲೆ ಅಟ್ಟದ ಮರಕ್ಕೆ ಹುಳ ಬಿದ್ದದ್ದು ಯಾವಾಗ, ಎಲ್ಲ ಗೊತ್ತಿರುವುದು ಅವರಿಗೆ. ವರ್ಷ ವರ್ಷ ಕೆಮ್ಮಣ್ಣು ಸಾರಿಸಿ ಗೋಡೆ ಕಾದವರೂ ಅವರೇ. ಬಚ್ಚಲ ತನಕ ಸಲೀಸಾಗಿ ಹೋಗಿ ಮಾತಾಡಿಸಬಲ್ಲೆ ಎಂಬುದೇ ಈ ಕೆಲಸದಲ್ಲಿ ಹೆಣ್ಣಾಗಿ ನನಗಿರುವ ದೊಡ್ಡ ಅನುಕೂಲ. ಶುರುವಿನಲ್ಲಿ ಶಿರಸಿಯ ಒಂದು ಮನೆಯಲ್ಲಿ ಅಜ್ಜಿ ಬೇಡವೆಂದರೂ ಮೇ ಕೊನೆಗೆ ಸುಣ್ಣದ ಗಾರೆ ಮಾಡಿಸಿದೆ. ಗಟ್ಟಿಯಾಗುವ ಮೊದಲೇ ಮಳೆ ಹಿಡಿದು ಅಷ್ಟೂ ತೊಳೆದುಹೋಯಿತು. ಅಂದಿನಿಂದ ದೀಪಾವಳಿಯ ನಂತರ ಹಿಡಿದ ಕೆಲಸವನ್ನು ಶಿವರಾತ್ರಿಯೊಳಗೆ ಮುಗಿಸುತ್ತೇನೆ. ನೀವೂ ಅವಸರ ಮಾಡಬೇಡಿ.

ಸಿಮೆಂಟನ್ನು ಉಳಿ, ಸುತ್ತಿಗೆಯಿಂದಲೇ ತೆಗೆಸಿ; ಬ್ರೇಕರ್ ಯಂತ್ರ ಮುಟ್ಟಿಸಬೇಡಿ. ಕಲ್ಲನ್ನೇ ಕಿತ್ತುಕೊಂಡು ಬರುವ ಕಡೆ ಹಾಗೇ ಬಿಡಿ. ಗೋಡೆ ಒಂದು ಬೇಸಿಗೆ ಪೂರ್ತಿ ಬರಿಮೈಯಲ್ಲಿ ಆರಲಿ. ಆಮೇಲೆ, ಮಳೆಗಾಲ ಕಳೆದು ದೀಪಾವಳಿ ಮುಗಿದ ಮೇಲೆ, ವಾರಗಟ್ಟಲೆ ನೀರಿನಲ್ಲಿ ಕೊಳೆತ ಸುಣ್ಣದ ಗಾರೆ, ತೆಳುವಾಗಿ ಎರಡು ಪದರ, ಮೇಲೆ ಒದ್ದೆ ಗೋಣಿ. ಬೇಗ ಗಟ್ಟಿಯಾಗಲೆಂದು ಯಾರಾದರೂ ಅದಕ್ಕೆ ಸಿಮೆಂಟ್ ಬೆರೆಸಿದರೆ ಮತ್ತೆ ಮೊದಲಿನ ಕಥೆಯೇ. ಗೋಡೆ ಉಬ್ಬಿದ್ದರೆ, ವಾಲಿದ್ದರೆ ಮಾತ್ರ ಇದ್ಯಾವುದಕ್ಕೂ ಮುನ್ನ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ.

ಕೆಡವುವ ಮಾತನ್ನಂತೂ ಬಿಡಿ. ಪೇಟೆಯ ಸಾಲಿನಲ್ಲಿ ಒಂದು ಮನೆ ಬಿದ್ದರೆ ಪಕ್ಕದವರ ನಡುಗೋಡೆ ಮಳೆಗೆ ಬತ್ತಲಾಗುತ್ತದೆ. ಮುಂದೆ ಅಂಗಡಿ, ಹಿಂದೆ ಸಂಸಾರ ಇರುವುದರಿಂದಲೇ ಆ ಬೀದಿ ರಾತ್ರಿಯೂ ಜೀವಂತವಾಗಿದೆ.

ಪ್ರಶ್ನೆ: ಊರ ದೇವಸ್ಥಾನದ ಕಾವಿ ಚಿತ್ರ ಮಾಸಿದೆ. ಎನಾಮಲ್ ಪೇಂಟಿನಲ್ಲಿ ತಿದ್ದಬಹುದೇ?

ಖಂಡಿತ ಬೇಡ. ಕಾವಿ ಎಂದರೆ ಬಣ್ಣ ಬಳಿದದ್ದಲ್ಲ. ಬಿಳಿ ಸುಣ್ಣದ ಗಾರೆಯ ಮೇಲಿನ ಕೆಂಪು ಪದರವನ್ನು ಹಸಿಯಿರುವಾಗಲೇ ಕೆರೆದು ಅಡಿಯ ಬಿಳಿಯನ್ನು ಕಾಣಿಸಿದ ಚಿತ್ರ ಅದು. ಶಿರಸಿಯ ಮಾರಿಕಾಂಬಾ ಗುಡಿಗೆ ಹೋಗಿ ನೋಡಿ ಬನ್ನಿ.

ಪ್ರಶ್ನೆ: ಮಗಳು ಆರ್ಕಿಟೆಕ್ಚರ್ ಮುಗಿಸಿದ್ದಾಳೆ. ಹಳೆಯ ಮಾಡು ಹತ್ತಿಳಿಯುವ ಕೆಲಸ ಹೆಣ್ಣುಮಕ್ಕಳಿಗೆ ಆದೀತೇ?

ಪೆರಿನ್ ಮಿಸ್ತ್ರಿ ಎಂಬ ಹೆಣ್ಣುಮಗಳು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಇದೇ ವಿದ್ಯೆ ಕಲಿತು ಹೊರಬಂದದ್ದು 1936ರಲ್ಲಿ. ಅದೇ ಊರಿನ ಸೇಂಟ್ ಥಾಮಸ್ ಕೆಥೆಡ್ರಲನ್ನು ವಾಸ್ತುಶಿಲ್ಪಿ ಬೃಂದಾ ಸೋಮಯ ಜೀರ್ಣೋದ್ಧಾರ ಮಾಡಿದ್ದಕ್ಕೆ 2004ರಲ್ಲಿ ಯುನೆಸ್ಕೊ ಪ್ರಶಸ್ತಿ ಬಂತು. ಈ ಪ್ರಶ್ನೆಯನ್ನು ಇನ್ನು ಕಳಿಸಬೇಡಿ, ಮಗಳನ್ನು ಕಳಿಸಿ.

ಪ್ರಶ್ನೆ: ವಾಸ್ತು ಹೇಳುವವರು ಹಿತ್ತಿಲ ಬಾಗಿಲು ಮುಚ್ಚಿಸಿ ಎಂದರು. ಮುಚ್ಚಿಸಲೇ?

ಗಾಳಿ ಆಡುವುದೇ ಆ ಬಾಗಿಲಿನಿಂದ. ಮುಚ್ಚಿಸಬೇಡಿ.